ನೆನಪಿಲ್ಲದ ಸೇತುವೆ

"ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆಯೋನ ಕೈಗೆ ಬಸ್ಸು ಕೊಟ್ಟಿದ್ದಾರಲ್ಲ, ಕೊಟ್ಟವರಿಗೆ ಮೊದಲು ಬುದ್ಧಿ ಹೇಳಬೇಕು. ಸ್ಟೇರಿಂಗ್ ಕಿತ್ತು ಒಂದು ದಿಂಬು ಕೊಡ್ರಯ್ಯ ಇವನಿಗೆ."

ಡಿಪೋದಲ್ಲಿ ಬಸ್ಸು ತೊಳೆಯುವ ಜಾಗದಲ್ಲಿ ನಿಂತು ಮೆಕ್ಯಾನಿಕ್ ಹೀಗಂದಾಗ ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಬರದೇ ಇರುತ್ತದಾ? ಡ್ರೈವರ್ ಪಕ್ಕದ ಕಿಟಕಿ ತೆರೆದೇ ಇತ್ತು. ಪೈಪಿನ ನೀರು ಸೀದಾ ಅವನ ಮುಖಕ್ಕೆ ಬಡಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಅಂಗಿಯ ಗುಂಡಿಯೊಂದನ್ನು ಬೆರಳಲ್ಲಿ ತಿರುವುತ್ತಾ, ಬಾಯಲ್ಲಿ ಏನೂ ಇಲ್ಲದಿದ್ದರೂ ಏನನ್ನೋ ಜಗಿಯುತ್ತಾ ಕೂತಿದ್ದ. ಆಮೇಲೆ ಎಲ್ಲಿಂದಲೋ ವಾಪಸ್ ಬಂದವನ ಹಾಗೆ ಮೈ ನೋಡಿಕೊಂಡು, "ನನ್ನ ಅಂಗಿ ಯಾರು ಒದ್ದೆ ಮಾಡಿದ್ದು?" ಅಂದ.

ನಗು ಇನ್ನೂ ಜೋರಾಯಿತು. ನಕ್ಕವರಲ್ಲಿ ಒಬ್ಬನಾದರೂ ಹತ್ತಿರ ಹೋಗಿ ಆ ಕಣ್ಣು ನೋಡಿದನಾ? ಇಲ್ಲ. ನಮ್ಮ ಜನಕ್ಕೆ ನಗೋದಕ್ಕೆ ಪುರುಸೊತ್ತಿದೆ, ನೋಡೋದಕ್ಕಿಲ್ಲ.

ನಗದೇ ಇದ್ದವನು ಒಬ್ಬನೇ. ಆ ಬಸ್ಸಿನ ಕಂಡಕ್ಟರ್. ಡ್ರೈವರನ ಹೆಂಡತಿಯ ತಮ್ಮ. ಭಾವನ ಬಸ್ಸೇ ಬೇಕು ಅಂತ ಹಟ ಹಿಡಿದು ಡ್ಯೂಟಿ ಹಾಕಿಸಿಕೊಂಡವನು. ಅವನು ತಲೆ ತಗ್ಗಿಸಿ ಟಿಕೆಟ್ ಚೀಲದ ಪಟ್ಟಿ ಸರಿಮಾಡಿಕೊಂಡ.

ಅವತ್ತು ಮಧ್ಯಾಹ್ನದ ಟ್ರಿಪ್ಪಿನಲ್ಲಿ ಡ್ರೈವರನ ಎದೆಯೊಳಗೆ ಇರುವೆ ಹರಿದಂತಾಗುತ್ತಿತ್ತು. ಮುಖಕ್ಕೆ ನೀರು ಬಿದ್ದದ್ದು ನನಗೆ ಯಾಕೆ ಗೊತ್ತಾಗಲಿಲ್ಲ? ಸ್ಟೇರಿಂಗ್ ಬಿಗಿಯಾಗಿ ಹಿಡಿದ. ದಾರಿಯ ಒಂದೊಂದೇ ಗುರುತನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ ಹೊರಟ. ನೀರಿನ ಟ್ಯಾಂಕು ಬಂತು. ಮರ ಕೊಯ್ಯುವ ಮಿಲ್ಲು ಬಂತು. ಇನ್ನು ಸೇತುವೆ ಬರಬೇಕು.

ಆಗ ಎಲ್ಲಿಂದಲೋ ಒದ್ದೆ ಸೀಮೆಸುಣ್ಣದ ವಾಸನೆ ಬಂತು. ಹಿಂದಿನ ಸೀಟಿನವರ ಮಾತು ನೀರಿನಡಿಯಿಂದ ಕೇಳಿಸಿದಂತಾಯಿತು. ಬಿಸಿಲು ಮೆತ್ತಗಾಗಿ ಹತ್ತಿಯ ಹಾಗೆ ಹರಡಿಕೊಂಡಿತು. ಯಾರೋ ಬಹಳ ಬೇಕಾದವರು ಕರೆದಂತೆ, ಕರೆದವರ ಹೆಸರು ನಾಲಿಗೆ ತುದಿಯಲ್ಲೇ ಇದ್ದಂತೆ. ಭಯ ಇರಲಿಲ್ಲ. ಹಾಯಾಗಿತ್ತು. ಅದೇ ಕೆಟ್ಟದ್ದು, ಹಾಯಾಗಿತ್ತು.

ಆಮೇಲೆ ಶಾಲೆಯ ಉದ್ದನೆಯ ಹಳದಿ ಗೋಡೆ ಕಂಡಿತು.

ಸೇತುವೆ ಎಲ್ಲಿ?

ಶಾಲೆ ಇರುವುದು ಹೊಳೆಯ ಆಚೆ. ಅಂದಮೇಲೆ ಸೇತುವೆ ದಾಟಲೇಬೇಕು. ಬಸ್ಸು ದಾಟಿದೆ, ಬಸ್ಸು ತುಂಬ ಜನ ದಾಟಿದ್ದಾರೆ. ಓಡಿಸಿದವನೊಬ್ಬ ಮಾತ್ರ ದಾಟಿಲ್ಲ. ಪಕ್ಕಕ್ಕೆ ತಿರುಗಿದರೆ ಭಾಮೈದ ಅಂಟಿಕೊಂಡು ನಿಂತಿದ್ದ. ಅವನ ಒಂದು ಕೈ ಸ್ಟೇರಿಂಗ್ ಮೇಲಿತ್ತು.

"ಏನೋ ಇದು?"

"ಏನಿಲ್ಲ ಭಾವ. ಬ್ಯಾಲೆನ್ಸ್ ತಪ್ಪಿತು, ಹಿಡ್ಕೊಂಡೆ."

ಸಂಜೆ ಡ್ರೈವರ್ ಮನೆಯೊಳಕ್ಕೆ ಹೋಗದೆ ಪಕ್ಕದ ಮನೆಯ ದರ್ಜಿ ಅಕ್ಕನ ಬಾಗಿಲಲ್ಲಿ ಕೂತ. ಅಕ್ಕ ಶಾಲೆ ಮಕ್ಕಳ ಅಂಗಿಗೆ ಕಾಲರು ಹೊಲಿಯುತ್ತಿದ್ದಳು. ಹೆಂಡತಿ ಬಂದು ಬಾಗಿಲಿಗೆ ಒರಗಿ ನಿಂತಳು. ಭಾಮೈದನೂ ಬಂದ. ಡ್ರೈವರ್ ಮುಖಕ್ಕೆ ನೀರು ಬಿದ್ದದ್ದು, ಸೀಮೆಸುಣ್ಣದ ವಾಸನೆ ಬಂದದ್ದು, ಸೇತುವೆ ಕಾಣದೇ ಹೋದದ್ದು ಎಲ್ಲ ಹೇಳಿದ.

"ನಿದ್ದೆ ಸಾಲ್ತಿಲ್ಲ ಅಕ್ಕ, ಅಷ್ಟೇ," ಅಂದ ಡ್ರೈವರ್. "ಎರಡು ದಿನ ಚೆನ್ನಾಗಿ ಮಲಗಿದ್ರೆ ಸರಿಹೋಗುತ್ತೆ."

ಅಕ್ಕ ಮಿಷನ್ ನಿಲ್ಲಿಸಿ ತನ್ನ ತೋರುಬೆರಳು ಅವನ ಮುಂದೆ ಹಿಡಿದಳು. ಉಗುರಿನ ನಡುವೆ ಒಂದು ಕಪ್ಪು ಚುಕ್ಕೆ ಇತ್ತು. "ಇದೇನು ಗೊತ್ತಾ? ಸೂಜಿ ಈ ಕಡೆ ಇಳಿದು ಆ ಕಡೆ ಬಂದಿತ್ತು. ನಾನು ಕೂತೇ ಇದ್ದೆ, ಕಣ್ಣು ಬಿಟ್ಟೇ ಇದ್ದೆ, ಆದ್ರೆ ಅಲ್ಲಿರಲಿಲ್ಲ. ನಾನೂ ನಿದ್ದೆ ಅಂತಲೇ ಅಂದ್ಕೊಂಡಿದ್ದೆ ಕಣೋ. ಡಾಕ್ಟರು ಹೇಳಿದ್ರು, ಇದೂ ಒಂಥರಾ ಫಿಟ್ಸೇ ಅಂತ. ಬಿದ್ದು ಒದ್ದಾಡೋದೊಂದೇ ಫಿಟ್ಸ್ ಅಲ್ಲವಂತೆ."

"ನನಗೆ ಫಿಟ್ಸ್ ಗಿಟ್ಸ್ ಏನಿಲ್ಲ."

"ಇಲ್ಲದೇ ಇರಬಹುದು. ಮೈಯಲ್ಲಿ ಸಕ್ಕರೆ ಇಳಿದ್ರೂ ಹೀಗಾಗಬಹುದಂತೆ, ಹೃದಯದ ತೊಂದರೆ ಇದ್ರೂ ಆಗಬಹುದಂತೆ. ಯಾವುದು ಅಂತ ಹೇಳೋಕೆ ನಾನೇನು ಡಾಕ್ಟರಾ? ಕಾಲರು ಕತ್ತರಿಸೋಳು. ಹೋಗಿ ತೋರಿಸು."

"ತೋರಿಸಿದ್ರೆ ಬಸ್ಸು ಬಿಡಿಸ್ತಾರೆ ಅಕ್ಕ. ಅದು ಬಿಟ್ರೆ ನನಗೇನು ಬರುತ್ತೆ? ನಿನ್ನ ಪಕ್ಕ ಕೂತು ಗುಂಡಿ ಹಾಕಲಾ?"

"ನಿನ್ನ ಕೈಗೆ ಗುಂಡಿ ಕೊಟ್ರೆ ಗಿರಾಕಿ ಬರೀಮೈಲಿ ಓಡಾಡಬೇಕಾಗುತ್ತೆ," ಅಂದಳು ಅಕ್ಕ. ಹೆಂಡತಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಅವಳ ತಮ್ಮ ಮುಖ ಮುಚ್ಚಿಕೊಂಡು ಅಳುತ್ತಿದ್ದ.

"ಭಾವ, ನಾನು ಬ್ಯಾಲೆನ್ಸ್ ತಪ್ಪಿ ಹಿಡ್ಕೊಂಡಿದ್ದಲ್ಲ. ಬಸ್ಸು ಸೇತುವೆ ಕಂಬಿ ಕಡೆ ವಾಲ್ತಿತ್ತು. ನಾನೇ ಈ ಕಡೆ ತಿರುಗಿಸಿದೆ. ಇವತ್ತೊಂದೇ ದಿನ ಅಲ್ಲ. ಹೊರಡು ಅಂತ ಸೀಟಿ ಊದ್ತೀನಿ, ನೀನು ಗುಂಡಿ ತಿರುವ್ತಾ, ಏನೋ ಜಗೀತಾ ಸುಮ್ಮನೆ ಕೂತಿರ್ತೀಯ. ಯಾರಾದ್ರೂ ನೋಡ್ತಾರೇನೋ ಅಂತ, ಮೊದಲು ಊದೇ ಇಲ್ಲ ಅನ್ನೋ ಹಾಗೆ ಮತ್ತೆ ಊದ್ತೀನಿ. ತಡ ಆಯ್ತು ಅಂತ ಜನ ನನ್ನನ್ನೇ ಬೈತಾರೆ, ಬೈಲಿ ಅಂತ ಬಿಡ್ತೀನಿ."

ಹೊರಗೆ ಯಾರದೋ ಸೈಕಲ್ಲು ಕಿರುಗುಟ್ಟುತ್ತಾ ಹೋಯಿತು.

"ನನಗೆ ಯಾಕೋ ಹೇಳಲಿಲ್ಲ?" ಡ್ರೈವರನ ದನಿ ಕುಸಿದಿತ್ತು.

"ಹೇಳಿದ್ರೆ ನಂಬ್ತಿದ್ಯಾ ಭಾವ?"

ಹೆಂಡತಿ ತಮ್ಮನ ಬೆನ್ನಿಗೆ ಒಂದು ಗುದ್ದಿದಳು. "ಭಾವನ ಮರ್ಯಾದೆ ಉಳಿಸೋಕೆ ಹೋಗಿ ಭಾವನನ್ನೇ ಹೊಳೆಗೆ ಹಾಕ್ತಿದ್ದೆಯಲ್ಲೋ ಪಾಪಿ. ಜೊತೆಗೆ ಬಸ್ಸು ತುಂಬ ಜನಾನ." ಆಮೇಲೆ ಅವನ ತಲೆ ಸವರಿದಳು.

ಅಕ್ಕ ನಿಧಾನವಾಗಿ ಹೇಳಿದಳು. "ಕೇಳು. ಇದು ಆದವನಿಗೆ ಆಗಿದ್ದು ಗೊತ್ತಾಗಲ್ಲ. ನೋಡಿದವನೇ ಹೇಳಬೇಕು. ಅದಕ್ಕೇ ಡಾಕ್ಟರ ಹತ್ತಿರ ಇವನನ್ನೂ ಕರ್ಕೊಂಡು ಹೋಗು. ಗುಂಡಿ ತಿರುವಿದ್ದು, ಜಗಿದಿದ್ದು, ವಾಸನೆ ಬಂದಿದ್ದು, ಒಂದೂ ಮುಚ್ಚಿಡಬೇಡಿ. ನನಗೆ ಮಾತ್ರೆ ಕೊಟ್ರು, ತಪ್ಪದೆ ನುಂಗ್ತೀನಿ. ಈಗ ಬೆರಳು ಬೆರಳಾಗೇ ಇದೆ. ತುಂಬಾ ಜನಕ್ಕೆ ಹತೋಟಿಗೆ ಬರುತ್ತೆ. ಮತ್ತೆ ಯಾವಾಗ ಓಡಿಸಬಹುದು, ಓಡಿಸಬಹುದಾ ಇಲ್ವಾ, ಅದನ್ನ ಡಾಕ್ಟರೇ ಹೇಳಬೇಕು. ಅಲ್ಲೀವರೆಗೂ ಬಸ್ಸೂ ಬೇಡ, ಸ್ಕೂಟರೂ ಬೇಡ."

ಡ್ರೈವರ್ ತನ್ನ ಎರಡೂ ಅಂಗೈ ನೋಡಿಕೊಂಡ. ಸ್ಟೇರಿಂಗ್ ಹಿಡಿದು ಹಿಡಿದು ಗಟ್ಟಿಯಾದ ಚರ್ಮ. ಈ ಕೈಗಳು ಸೇತುವೆ ದಾಟಿಸಿಲ್ಲ. ಭಾಮೈದನ ಕೈ ದಾಟಿಸಿದೆ. ಅವನು ಕಣ್ಣು ಮುಚ್ಚಿ ಸೇತುವೆಯನ್ನು ನೆನೆಯಲು ನೋಡಿದ. ಹತ್ತಿಯಂಥ ಬಿಸಿಲು ಕಂಡಿತು. ಅದರೊಳಗೆ ಸೀಟು ಸೀಟಿನಲ್ಲೂ ಮುಖಗಳಿದ್ದವು, ಅವನನ್ನು ನಂಬಿ ಕಿಟಕಿಯಾಚೆ ನೋಡುತ್ತಾ ಕೂತ ಮುಖಗಳು.

"ಬೆಳಿಗ್ಗೆ ಹೋಗೋಣ ನಡಿ," ಅಂದ ಭಾಮೈದನಿಗೆ.

ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ಡಿಪೋಗೆ ಹೋದ. ಮ್ಯಾನೇಜರ್ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೇ ಹೇಳಿದ. "ಡಾಕ್ಟರು ಓಡಿಸು ಅನ್ನೋವರೆಗೂ ಬೇರೆ ಯಾವ ಕೆಲಸ ಕೊಟ್ರೂ ಮಾಡ್ತೀನಿ ಸಾರ್. ಬಸ್ಸು ಮುಟ್ಟಲ್ಲ."

ಮ್ಯಾನೇಜರ್ ಕನ್ನಡಕ ತೆಗೆದು ಅವನನ್ನೇ ನೋಡಿದರು. "ಬಸ್ಸಿಗೆ ಒಂದು ಗೀರೂ ಬಿದ್ದಿಲ್ಲ. ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ. ಯಾರಿಗೂ ಗೊತ್ತೇ ಇರಲಿಲ್ಲ. ಸುಮ್ಮನೆ ಇದ್ದಿದ್ರೆ ಏನಾಗ್ತಿತ್ತಯ್ಯ?"

ಅವನು ಕೀಲಿಕೈ ಮೇಜಿನ ಮೇಲಿಟ್ಟ. ಉತ್ತರ ಕೊಡದೆ ಹೊರಗೆ ನಡೆದ.

ಅವನು ಕೊಡದ ಉತ್ತರವನ್ನು ಓದುತ್ತಿರುವ ನೀವು ಕೊಡಿ. ಏನಾಗ್ತಿತ್ತು ಅಂತ ನಿಮಗೆ ಗೊತ್ತು. ಬಸ್ಸು, ಲಾರಿ, ಆಟೋ, ಬೈಕು, ನೀವು ಏನೇ ಓಡಿಸುವವರಿರಿ, ದಾರಿಯ ಒಂದು ತುಂಡು ನೆನಪಿನಿಂದ ಕಳೆದುಹೋಗಿದೆ ಅನ್ನಿಸಿದರೆ ಅವತ್ತೇ ಗಾಡಿ ನಿಲ್ಲಿಸಿ. ನಿದ್ದೆ, ಬಿಸಿಲು, ಸುಸ್ತು ಅಂತ ನೆಪ ಹೇಳಬೇಡಿ. ಡಾಕ್ಟರಿಗೆ ತೋರಿಸಿ. ಕೊಟ್ಟ ಮಾತ್ರೆ ತಪ್ಪಿಸಬೇಡಿ, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಲೂ ಬೇಡಿ. ಇನ್ನು ಪಕ್ಕದಲ್ಲಿ ನಿಂತು ನೋಡಿದವರೇ, ನಗಬೇಡಿ, ಮುಚ್ಚಿಹಾಕಲೂ ಬೇಡಿ. ನೀವು ಕಂಡದ್ದು ಅವನಿಗೆ ಕಂಡಿಲ್ಲ. ಬಾಯಿಬಿಟ್ಟು ಹೇಳಿ.

ಹಿಂದಿನಿಂದ ಮ್ಯಾನೇಜರ್ ಇನ್ನೊಂದು ಸಲ ಕೂಗಿ ಕೇಳಿದರು. ಅವನು ಅಷ್ಟರಲ್ಲಿ ಗೇಟು ದಾಟಿ, ಭಾಮೈದನ ಹೆಗಲ ಮೇಲೆ ಕೈಹಾಕಿ, ಆಸ್ಪತ್ರೆಯ ಕಡೆ ನಡೆದುಕೊಂಡೇ ಹೋಗುತ್ತಿದ್ದ.