ದೊಡ್ಡಮ್ಮನ ಪರವಾಗಿ

ನನ್ನದು ಸುಮ್ಮನಿರುವ ಬಾಯಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆಂದು ಈ ಊರಿಗೆ ಬಂದ ಹೊಸತರಲ್ಲಿ ಮಾತಾಡಿಸುವವರೇ ಇಲ್ಲದೆ, ಬಾಡಿಗೆ ಕೋಣೆಯ ಸೋರುವ ನಲ್ಲಿಯ ಜೊತೆ ಜಗಳವಾಡುತ್ತಿದ್ದೆ. ಒಂದು ಸಂಜೆ ದಾರಿಯಲ್ಲಿ ಚಪ್ಪಲಿಯ ಪಟ್ಟಿ ಕಿತ್ತುಹೋಗಿ, ಪ್ರಾರ್ಥನೆಯ ಮನೆಯೊಂದರ ಮೆಟ್ಟಿಲ ಮೇಲೆ ಕುಳಿತೆ. ಒಳಗಿನಿಂದ ಬಂದ ಮುದುಕಿಯೊಬ್ಬರು ಸ್ವೆಟರಿಗೆ ಚುಚ್ಚಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟು, "ಒಳಗೆ ಬಾ, ಜಾಗ ಇದೆ" ಅಂದರು. ನಾನು ಯಾರ ಪೈಕಿ ಎಂದು ಯಾರೂ ಕೇಳಲಿಲ್ಲ. ಬೆಂಚಿನ ಮೇಲೆ ಒಂಚೂರು ಸರಿದು ಕೂತರು, ಅಷ್ಟೇ. ಅವತ್ತಿನಿಂದ ಆಕೆ ನನಗೆ ದೊಡ್ಡಮ್ಮ.

ಅಲ್ಲಿ ಪ್ರಾರ್ಥನೆಗೆ ಮೊದಲು ಹಿರಿಯರು ಒಬ್ಬೊಬ್ಬರನ್ನೇ ಕರೆಯುತ್ತಾರೆ. ಹಿರಿಯರೆಂದರೆ ಬೀಗ ರಿಪೇರಿಯ ಅಣ್ಣ. ಕರೆದವರು "ಇದ್ದೀನಿ" ಅನ್ನಬೇಕು. ಬಾರದವರ ಪರವಾಗಿ ಪಕ್ಕದಲ್ಲಿ ಕೂರುವವರು "ಇದ್ದಾರೆ" ಅನ್ನುತ್ತಾರೆ. ಜ್ವರ ಬಂದು ಮಲಗಿದ್ದರೂ ನಮ್ಮ ಜಾಗ ನಮ್ಮದೇ. ಯಾರಾದರೂ ತೀರಿಕೊಂಡಾಗ ಮಾತ್ರ, ಕೊನೆಯ ಸಲ ಅವರ ಹೆಸರು ಕರೆದಾಗ ಪಕ್ಕದವರು ಸುಮ್ಮನಿರುತ್ತಾರೆ. ಆ ಮೌನವೇ ಬೀಳ್ಕೊಡುಗೆ. ಮತ್ತೆ ಆ ಹೆಸರನ್ನು ಕರೆಯುವುದಿಲ್ಲ.

ಮುಂದೊಂದು ಸಂಜೆ ಅಂಗಡಿಯಲ್ಲಿ ತಡವಾಗಿ, ಏದುಸಿರು ಬಿಡುತ್ತಾ ಓಡಿಬಂದು ಕೂತೆ. ದೊಡ್ಡಮ್ಮ ಮಧ್ಯಾಹ್ನವೇ ತೀರಿಕೊಂಡರೆಂದು ಬಾಗಿಲಲ್ಲಿ ಎಲ್ಲರಿಗೂ ಹೇಳಿದ್ದರಂತೆ. ನನಗೆ ಗೊತ್ತಿರಲಿಲ್ಲ. ಅವರ ಹೆಸರು ಬಂತು, ಪಕ್ಕದ ಜಾಗ ಖಾಲಿ. ಎಂದಿನಂತೆ ಗಟ್ಟಿಯಾಗಿ "ಇದ್ದಾರೆ" ಅಂದೆ.

ಎಲ್ಲರೂ ತಿರುಗಿ ನೋಡಿದರು. ಬಾಗಿಲು ತೆರೆಯಿತು. ದೊಡ್ಡಮ್ಮ ಒಳಗೆ ಬಂದರು.

ಸಾಲಿನವರು ಮೊಣಕಾಲು ಮಡಿಸಿ ದಾರಿ ಬಿಟ್ಟರು. ಅವರು ಬಂದು ನನ್ನ ಪಕ್ಕ ಕೂತರು. ಸ್ವೆಟರಿನ ನುಸಿಗುಳಿಗೆಯ ವಾಸನೆ ಹಾಗೇ ಇತ್ತು. ಅವರು ಕೂರುವಾಗ ಏಳುವಾಗ ಮೊಣಕಾಲು ಲಟಕ್ ಅನ್ನುತ್ತಿತ್ತು, ಅವರು ಅದನ್ನು ಬೈಯುತ್ತಿದ್ದರು. ಅವತ್ತು ಸದ್ದೇ ಇಲ್ಲ.

ಪ್ರಾರ್ಥನೆ ಮುಗಿದ ಮೇಲೆ ಅಣ್ಣ ವಿಷಯ ಹೇಳಿದಾಗ ಬೆಂಚಿನಿಂದ ಎದ್ದು ನಿಂತೆ. ದೊಡ್ಡಮ್ಮನ ಭಯಕ್ಕಿಂತ ಹೆಚ್ಚಾಗಿ, ಇವರು ನನ್ನನ್ನು ಹೊರಗೆ ಹಾಕಿಬಿಡುತ್ತಾರೆಂಬ ಭಯ. ಅಣ್ಣ ಬೈಯಲಿಲ್ಲ.

"ಬಂದೋರನ್ನ ಹೋಗಿ ಅನ್ನೋದು ನಮಗೆ ಗೊತ್ತಿಲ್ಲ. ಉಳಿಸಿಕೊಂಡವಳು ನೀನು, ಕಳಿಸಬೇಕಾದವಳೂ ನೀನೇ. ಮುಂದಿನ ಸಲ ಸುಮ್ನಿದ್ದುಬಿಡು."

ಮುಂದಿನ ವಾರ ನಾನು ಸುಮ್ಮನಿರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಈ ಸಲ ಗೊತ್ತಿದ್ದೇ "ಇದ್ದಾರೆ" ಅಂದೆ. ನಾವೇ ಮಣ್ಣು ಮಾಡಿ ಬಂದಿದ್ದ ದೊಡ್ಡಮ್ಮ ಪ್ರತಿ ಸಲವೂ ಬಂದರು. ಬೆಂಚಿನ ಅವರ ಕಡೆಯ ತಂಪು ನನ್ನ ಬಟ್ಟೆ ದಾಟಿ ಮೈಗೆ ಇಳಿಯುತ್ತಿತ್ತು. ಹೆದರಿಕೆಯಾಗುತ್ತಿತ್ತು. ಆದರೆ ನನ್ನನ್ನು ಇಲ್ಲಿಗೆ ಸೇರಿಸಿದವರೇ ಅವರು, ಅವರು ಹೋದರೆ ನಾನಿಲ್ಲಿ ಯಾರ ಪೈಕಿ? ಮತ್ತೆ ಆ ನಲ್ಲಿಯ ಜೊತೆ ಜಗಳವೇ ಗತಿ.

ಒಂದು ಸಂಜೆ ಅವರು ನನ್ನ ಹೆಗಲಿಗೆ ಒರಗಿದರು. ಹತ್ತಿಯಷ್ಟೂ ಭಾರವಿರಲಿಲ್ಲ.

"ಕೂತು ಕೂತು ಸಾಕಾಯ್ತು ಮಗಾ" ಅಂದರು.

ಆ ರಾತ್ರಿಯೆಲ್ಲ ಅತ್ತೆ. ನನ್ನ ಒಂಟಿತನಕ್ಕೆ ಅವರನ್ನು ಕಾವಲು ಕೂರಿಸಿದ್ದೆ.

ಮುಂದಿನ ವಾರ ನಾನು ಹೋಗುವಷ್ಟರಲ್ಲಿ ಅವರು ಬಂದು ಕೂತಿದ್ದರು. ಅಣ್ಣ ಅವರ ಹೆಸರು ಕರೆದರು. ನಾನು ನಾಲಿಗೆ ಕಚ್ಚಿಕೊಂಡೆ. ಇಡೀ ಕೋಣೆ ಕಾಯಿತು. ನನ್ನ ಪಕ್ಕದಲ್ಲಿ ಮೊಣಕಾಲು ಲಟಕ್ ಅಂದಿತು. ಯಾರೋ ಸಣ್ಣಗೆ ಅದನ್ನು ಬೈದರು. ಸಾಲಿನವರು ಕಾಲು ಮಡಿಸಿದರು, ಬಾಗಿಲು ತೆರೆದು ಮುಚ್ಚಿಕೊಂಡಿತು.

ನಂತರ ಅಣ್ಣ ನನ್ನನ್ನು "ಕನ್ನಡಕದವಳು" ಎಂದು ಕರೆದರು. ಬಾಗಿಲನ್ನೇ ನೋಡುತ್ತಿದ್ದ ನನಗೆ ಸ್ವರವೇ ಹೊರಡಲಿಲ್ಲ. ಪಕ್ಕದಲ್ಲಿ ನನ್ನ ಪರವಾಗಿ ಹೇಳುವವರೂ ಇರಲಿಲ್ಲ.

ಆಗ ಹಿಂದಿನಿಂದ, ಮುಂದಿನಿಂದ, ಕಿಟಕಿಯ ಕಡೆಯಿಂದ, ಇಡೀ ಮನೆಯೇ ಹೇಳಿತು: "ಇದ್ದಾಳೆ."