ಅತಿಥಿಗಳಿಗೆ ಮಾತ್ರ

“ಹೊಟ್ಟೆ ಕೆಳಕ್ಕೆ ಕಣೇ, ಹೊಟ್ಟೆ ಕೆಳಕ್ಕೆ. ಎಷ್ಟು ಸಲ ಬೊಗಳ್ಬೇಕು ನಿಂಗೆ? ಕುಂಬಳಕಾಯಿ ಏನು ನಿನ್ನ ಗಂಡನ ಥರ ಹೊಟ್ಟೆ ಮೇಲ್ ಮಾಡ್ಕೊಂಡು ಮಲಗ್ತದಾ?”

ಮೇಸ್ತ್ರಿ ರಾಮಿರೋ ಬೈದದ್ದು ತೊಮಾಸಾಳನ್ನು. ಅವಳು ಕೈಯಲ್ಲಿದ್ದ ಕಾಯಿಯನ್ನು ತಿರುಗಿಸಿ ನೋಡಿದಳು. ಬೆಳೆಯುವಾಗ ನೆಲಕ್ಕೆ ಒರಗಿದ ಕಡೆ ಕುಂಬಳಕಾಯಿಗೆ ಬಣ್ಣ ಹತ್ತುವುದಿಲ್ಲ, ಬಿಳಿಚಿಕೊಂಡಿರುತ್ತದೆ. ಆ ಭಾಗ ಮಣ್ಣಿಗೆ ತಾಗಿರಬೇಕು. ಇಲ್ಲದಿದ್ದರೆ ಕಾಯಿ ಅಲ್ಲೇ ಬೆಳೆದದ್ದಲ್ಲ, ಯಾರೋ ತಂದಿಟ್ಟದ್ದು ಎಂದು ಗೊತ್ತಾಗಿಬಿಡುತ್ತದೆ.

ತಂದಿಟ್ಟದ್ದೇ. ಹಿಂದಿನ ವಾರ ನದಿಯಾಚೆಯ ಹೊಲದಲ್ಲಿ ಇದೇ ಹೆಂಗಸರು ಈ ಕಾಯಿಗಳನ್ನು ಕೊಯ್ದು, ತೊಳೆದು, ಗಾಡಿಗೆ ತುಂಬಿದ್ದರು. ಈಗ ಅವನ್ನೇ ರಸ್ತೆ ಬದಿಯ ಹೊಲದಲ್ಲಿ, ಒಣಗಿದ ಬಳ್ಳಿಗಳ ನಡುವೆ ಒಂದೊಂದಾಗಿ ಮಲಗಿಸುತ್ತಿದ್ದರು. ತೊಳೆದ ಕಾಯಿಗೆ ಮತ್ತೆ ಚೂರು ಮಣ್ಣು ಸವರಬೇಕೆಂದು ಧಣಿಯ ಹೆಂಡತಿಯ ಅಪ್ಪಣೆ. ಇನ್ನು ಸ್ವಲ್ಪ ಹೊತ್ತಿಗೆ ಪೋರ್ಟ್‌ಲ್ಯಾಂಡಿನಿಂದ ಕಾರುಗಳು ಸಾಲುಗಟ್ಟಿ ಬರುತ್ತವೆ. ಪೇಟೆಯ ಸಂಸಾರಗಳು ಹೊಸ ಚೌಕಳಿ ಅಂಗಿ, ಕೊಳೆ ಕಾಣದ ಬೂಟು, ಹುಲ್ಲಿನ ಟೋಪಿ ತೊಟ್ಟು ಇಳಿಯುತ್ತವೆ, ಕಾಯಿಗಳನ್ನು ‘ಕೊಯ್ದು’ ಎದೆಗವಚಿಕೊಂಡು ಫೋಟೋ ತೆಗೆಸಿಕೊಳ್ಳುತ್ತವೆ. ಒರೆಗಾನಿನ ಆ ಕಣಿವೆಯಲ್ಲಿ ಅಕ್ಟೋಬರಿನ ಸುಗ್ಗಿ ಅಂದರೆ ಇದು.

“ನನ್ನ ಗಂಡ ಮಲಗಿ ಎಷ್ಟೋ ವರ್ಷ ಆಯ್ತು ರಾಮಿರೋ,” ಎಂದಳು ತೊಮಾಸಾ. “ಮೇಲೆ ಮಣ್ಣೂ ಮುಚ್ಚಿ ಆಗದೆ. ನಿನ್ನ ಕುಂಬಳಕಾಯಿ ಪಾಠ ಹೇಳಕ್ಕೆ ಅವನ್ನ ಯಾಕೆ ಎಬ್ಬಿಸ್ತೀಯ?”

ಹೆಂಗಸರು ಕಿಸಕ್ಕೆಂದರು. ರಾಮಿರೋ ಕೂಡ ಅವರ ಹಾಗೆ ಮೆಕ್ಸಿಕೋದಿಂದ ಬಂದವನೇ. ಆದರೆ ಅವನು ಬಯಲಿನವನು, ಎತ್ತರದ ಆಳು. ಒಹಾಕಾದ ಗುಡ್ಡಗಳಿಂದ ಬಂದ ಈ ಹೆಂಗಸರನ್ನು ‘ಗುಡ್ಡದ ಕುಳ್ಳಿಯರು’ ಎಂದೇ ಕರೆಯುತ್ತಿದ್ದ. ಅವನಿಗೆ ತಿಳಿಯದ ತಮ್ಮ ಗುಡ್ಡದ ಮಾತಿನಲ್ಲಿ ಅವರು ಅವನನ್ನು ‘ಕೊಳೆತ ಕಾಯಿ’ ಎನ್ನುತ್ತಿದ್ದರು. ಹೀಗಾಗಿ ಲೆಕ್ಕ ಒಂದು ಬಗೆಯಲ್ಲಿ ಚುಕ್ತಾ ಆಗುತ್ತಿತ್ತು.

ತೊಮಾಸಾ ಬಾಗಿ ಇನ್ನೊಂದು ಕಾಯಿ ಇಟ್ಟಳು. ಕೈ ತನ್ನಷ್ಟಕ್ಕೇ ಅದರ ತೊಟ್ಟನ್ನು ಹತ್ತಿರದ ಬಳ್ಳಿಯ ತುದಿಗೆ ತಾಗುವಂತೆ ಹೊಂದಿಸಿತು. ಆಮೇಲೆ ತನ್ನ ಕೈಯ ಮೇಲೆಯೇ ಅವಳಿಗೆ ಸಿಟ್ಟು ಬಂತು. ಕೊಯ್ದ ಕಾಯಿಯನ್ನು ಮತ್ತೆ ಬಳ್ಳಿಗೆ ಒಪ್ಪಿಸುವವರನ್ನು ಅವಳ ಊರಿನಲ್ಲಿ ಹುಚ್ಚೆಂದು ಹಿಡಿದು ಕಟ್ಟಿ ತಲೆಯ ಮೇಲೆ ತಣ್ಣೀರು ಹುಯ್ಯುತ್ತಿದ್ದರು. ಇಲ್ಲಿ ಅದನ್ನು ಅಚ್ಚುಕಟ್ಟಾಗಿ ಮಾಡಿದರೆ ನಾಳೆಗೂ ಕೆಲಸ.

ಆಗಲೇ ಟ್ರಾಕ್ಟರಿನ ಸದ್ದು ಕೇಳಿಸಿತು. ಹೊಲದ ಮೂಲೆಯಲ್ಲಿ ಚಕ್ರದ ಗಾಡಿಯ ಮೇಲೆ ಕೂತಿದ್ದ ನೀಲಿ ಪ್ಲಾಸ್ಟಿಕ್ಕಿನ ಕಕ್ಕಸು ಓಲಾಡುತ್ತ ರಸ್ತೆಯ ಕಡೆ ಹೊರಟಿತ್ತು. ಕೆಲಸದವರಿಗೆ ಇದ್ದದ್ದು ಅದೊಂದೇ.

“ಅದನ್ನ ಎಲ್ಲಿಗೆ ಎಳ್ಕೊಂಡು ಹೋಗ್ತಾವ್ರೆ?” ಎಂದಳು ತೊಮಾಸಾ.

“ಆ ಕಡೆಗೆ. ಬಾಡಿಗೆಯವ್ರು ಕಕ್ಕಸು ಕಮ್ಮಿ ಕಳ್ಸವ್ರೆ. ಜನ ಜಾಸ್ತಿ ಬರ್ತಾರೆ ಇವತ್ತು,” ಎಂದ ರಾಮಿರೋ.

“ನಮ್ಗೆ?”

“ಸಂಜೆ ವ್ಯಾನಲ್ಲಿ ಮನೇಗ್ ಹೋಗ್ತೀರಲ್ಲ.”

“ಸಂಜೆವರ್ಗೂ ಏನು, ಗಂಟು ಹಾಕ್ಕೊಂಡಿರಾಣವಾ?”

“ನೀರು ಕುಡೀಬೇಡ. ಮೇಲಿಂದ ಹುಯ್ಯದೆ ಇದ್ರೆ ಕೆಳಗಿಂದ ಬರಲ್ಲ. ನೀನೇನು ಚಿಲುಮೆ ಅಲ್ವಲ್ಲ.”

ಪಕ್ಕದ ಸಾಲಿನಲ್ಲಿದ್ದ ಎವೋಡಿಯಾ ಗುಡ್ಡದ ಮಾತಿನಲ್ಲಿ ಮೆಲ್ಲಗೆ ಹೇಳಿದಳು: “ಅವನ ಬಾಯಿಗೇ ಹುಯ್ದ್ರಾಯ್ತು ಕಣಕ್ಕ. ಹೆಂಗಿದ್ರೂ ತೆರ್ಕೊಂಡೇ ಇರ್ತಾನೆ.”

ಎಲ್ಲರೂ ನಕ್ಕರು. ತೊಮಾಸಾ ನಗಲಿಲ್ಲ. ಬೇಸಿಗೆಯಲ್ಲಿ ಹೀಗೆಯೇ ದಿನಗಟ್ಟಲೆ ತಡೆದು ತಡೆದು ಅವಳಿಗೆ ಉರಿಮೂತ್ರ ಹತ್ತಿ, ಅದು ಮೂತ್ರಪಿಂಡಕ್ಕೆ ಏರಿ, ಜ್ವರದಲ್ಲಿ ಬಡಬಡಿಸುವವಳನ್ನು ಆಸ್ಪತ್ರೆಗೆ ಹೊತ್ತೊಯ್ದಿದ್ದರು. ಇನ್ನೊಂದು ಸಲ ಹೀಗಾದರೆ ಒಂದು ಮೂತ್ರಪಿಂಡ ಹೋದಂತೆಯೇ, ಬಂದಾಗ ಹೋಗು, ತಡೀಬೇಡ ಎಂದು ಡಾಕ್ಟರಮ್ಮ ಕೈ ಹಿಡಿದು ಹೇಳಿದ್ದಳು. ಅಂದಿನಿಂದ ತೊಮಾಸಾ ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದಳು. ಈ ಬೆಳಿಗ್ಗೆಯೂ ಕುಡಿದಿದ್ದಳು.

ಜನ ಬಂದ ಮೇಲೆ ಕೆಲಸದವರು ಕಣ್ಣಿಗೆ ಬೀಳಬಾರದೆಂದು ನಿಯಮ. ಕೊಟ್ಟಿಗೆಯ ಹಿಂದೆ ಕೂತು ಅಲಂಕಾರಕ್ಕೆ ಮಾರುವ ಸೋರೆಬುರುಡೆ ಆರಿಸುತ್ತಿರಬೇಕು. ಗುಂಪು ಒಂದು ಕಡೆ ಸರಿದಾಗ ಇನ್ನೊಂದು ಕಡೆಗೆ ಕೈಗಾಡಿ ತಳ್ಳಿಕೊಂಡು ಓಡಿ, ಖಾಲಿಯಾದ ಜಾಗದಲ್ಲಿ ಕಾಯಿ ಮಲಗಿಸಿ, ಕಳ್ಳರ ಹಾಗೆ ವಾಪಸು ಬರಬೇಕು.

ಮಧ್ಯಾಹ್ನದ ಹೊತ್ತಿಗೆ ತೊಮಾಸಾಳ ಕಿಬ್ಬೊಟ್ಟೆ ಕಲ್ಲಿನಂತಾಯಿತು. ಅವಳು ಕೊಟ್ಟಿಗೆಯ ಮುಂದಕ್ಕೆ ಬಂದು ಧಣಿಯ ಹೆಂಡತಿ ಜೊಆನ್‌ಳನ್ನು ಹುಡುಕಿದಳು. ಜೊಆನ್ ಮುತ್ತಜ್ಜಿಯ ಕಾಲದ ಉದ್ದ ಲಂಗ, ತಲೆಗೆ ಬಿಳಿ ಕುಲಾವಿ ತೊಟ್ಟು ಮರದ ಕೊಳಗದಲ್ಲಿ ಮೊಸರು ಕಡೆಯುತ್ತ ಕೂತಿದ್ದಳು. ಸುಗ್ಗಿ ತಿಂಗಳ ಪ್ರತಿ ಶನಿವಾರವೂ ಕಡೆಯುತ್ತಾಳೆ. ಅದರಿಂದ ಬೆಣ್ಣೆ ಬಂದದ್ದನ್ನು ಯಾರೂ ನೋಡಿಲ್ಲ. ಮಾರುವ ಬೆಣ್ಣೆ ಅಂಗಡಿಯದು.

ತೊಮಾಸಾ ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳನ್ನು ಜೋಡಿಸಿ ಕೇಳಿದಳು. ನಂತರ ಅರ್ಥವಾಗಲಿಲ್ಲವೇನೋ ಎಂದು ಹೊಟ್ಟೆಯ ಕೆಳಗೆ ಕೈಯಿಟ್ಟು ತೋರಿಸಿದಳು.

ಜೊಆನ್‌ಳ ಮುಖ ಮೇಣದಂತೆ ಕರಗಿತು. “ಅಯ್ಯೋ ಚಿನ್ನಾ,” ಎಂದಳು. ತೊಮಾಸಾ ಅವಳಿಗಿಂತ ಹಿರಿಯಳು. “ನಿನ್ನ ಬೂಟು ನೋಡ್ಕೋ, ಬರೀ ಕೆಸರು. ಅಲ್ಲಿ ಮಕ್ಕಳು ಮರಿ ಎಲ್ಲ ಬರ್ತಾರೆ. ಸ್ವಲ್ಪ ಹೊತ್ತು ತಡ್ಕೋ. ನೀನು ನಮ್ಮ ಮನೆಯವಳೇ ಅಲ್ವಾ, ನಿಂಗೆ ಅರ್ಥ ಆಗುತ್ತೆ.”

“ಮನೆಯವಳು,” ಎಂದಳು ತೊಮಾಸಾ, ಬಿಳಿ ಬಣ್ಣದ ದೊಡ್ಡ ಮನೆಯ ಕಡೆ ಕೈ ತೋರಿಸಿ. “ಮನೆಯೊಳಗೆ ಕಕ್ಕಸು. ಸರಿ?”

ಜೊಆನ್ ಒಳ್ಳೆಯ ತಮಾಷೆ ಕೇಳಿದವಳಂತೆ ನಕ್ಕಳು. ನಕ್ಕು, ಪಕ್ಕದ ಹಂಡೆಯಿಂದ ಬಿಸಿ ಸೇಬಿನ ರಸವನ್ನು ದೊಡ್ಡ ಲೋಟದ ತುಂಬ ಬಗ್ಗಿಸಿ ಅವಳ ಕೈಗೆ ಕೊಟ್ಟಳು. “ಕುಡಿ. ಬೆಚ್ಚಗಿದೆ. ದುಡ್ಡೇನೂ ಬೇಡ.”

ತೊಮಾಸಾ ಆ ಲೋಟ ಹಿಡಿದುಕೊಂಡೇ ಕೊಟ್ಟಿಗೆಯ ಹಿಂದಕ್ಕೆ ಬಂದಳು. ಎವೋಡಿಯಾ ಲೋಟವನ್ನೂ ಅವಳ ಮುಖವನ್ನೂ ನೋಡಿದಳು.

“ಕೇಳಿದ್ದೇನು, ಕೊಟ್ಟಿದ್ದೇನು?”

“ಹೊರಗ್ ಬಿಡ್ತೀನಿ ಅಂದ್ರೆ ಒಳಗ್ ಹಾಕ್ಕೋ ಅಂದ್ಲು.”

“ದೊಡ್ಡ ಮನ್ಸು ಕಣಕ್ಕ ಅವ್ರದು. ನಮ್ಮಂಥೋರ್ಗೆ ತಿಳಿಯಲ್ಲ.”

ಇನ್ನು ಉಳಿದದ್ದು ಜೋಳದ ಹೊಲ. ಆಳೆತ್ತರ ಮೀರಿ ಬೆಳೆದ ಮುಸುಕಿನ ಜೋಳವನ್ನು ಧಣಿ ಕೊಯ್ದಿರಲಿಲ್ಲ. ಅದರೊಳಗೆ ಸುತ್ತುಸುತ್ತಾಗಿ ದಾರಿ ಕಡಿಸಿ ಚಕ್ರವ್ಯೂಹ ಮಾಡಿಸಿದ್ದ. ಜನ ದುಡ್ಡು ಕೊಟ್ಟು ಒಳಹೊಕ್ಕು ದಾರಿ ತಪ್ಪುತ್ತಿದ್ದರು. ಮೊದಲ ವರ್ಷ ಇದನ್ನು ನೋಡಿ ತೊಮಾಸಾ ಬಾಯಿಯ ಮೇಲೆ ಕೈಯಿಟ್ಟಿದ್ದಳು. ಅವಳ ಊರಿನಲ್ಲಿ ಒಂದು ತೆನೆ ನೆಲಕ್ಕೆ ಬಿದ್ದರೆ ಎತ್ತಿ, ಧೂಳು ಕೊಡವಿ, ತಪ್ಪಾಯಿತು ಎಂದು ಹೇಳಿ ಬುಟ್ಟಿಗೆ ಹಾಕುತ್ತಿದ್ದರು. ಹೊಟ್ಟೆ ತುಂಬಿದವರು ಮಾತ್ರ ಜೋಳ ಬಿತ್ತಿ ಅದರಲ್ಲಿ ಕಳೆದುಹೋಗುತ್ತಾರೆ ಎಂದು ಆಗ ಅಂದುಕೊಂಡಿದ್ದಳು. ಈಗ ಅವಳಿಗೆ ಬೇಕಾದದ್ದು ಅದರ ಮರೆ ಮಾತ್ರ.

ದಾರಿಯಿಂದ ದೂರ ಸರಿದು, ದಂಟುಗಳ ಒಳಗೆ ನುಗ್ಗಿ, ಇಬ್ಬನಿಗೆಂದು ತೊಟ್ಟ ಮಳೆಬಟ್ಟೆಯ ಹೆಗಲಪಟ್ಟಿ ಬಿಚ್ಚಿ ಕುಕ್ಕರಿಸುವ ಹೊತ್ತಿಗೆ ಎಲೆಗಳು ಸರಸರ ಎಂದವು. ಗಡ್ಡದ ಗಂಡಸೊಬ್ಬ ಹೆಗಲ ಮೇಲೆ ಮಗಳನ್ನು ಕೂರಿಸಿಕೊಂಡು ತಲೆ ತೂರಿಸಿದ.

“ಕ್ಷಮಿಸಿ, ಹೊರಗೆ ಹೋಗೋ ದಾರಿ ಯಾವ ಕಡೆ?” ಎಂದ. ಆಮೇಲೆ ನೋಡಿದ.

ತೊಮಾಸಾ ಎರಡೂ ಕೈಯಲ್ಲಿ ಬಟ್ಟೆ ಬಾಚಿ ಹಿಡಿದು ಎದ್ದಳು. ಬಂದದ್ದು ಒಳಗೇ ಸೆಟೆದು ನಿಂತಿತು.

“ಅಪ್ಪಾ, ಇದೂ ಆಟದಲ್ಲಿ ಸೇರಿದ್ದಾ?” ಎಂದಳು ಆ ಹುಡುಗಿ.

ಅಪ್ಪ ಗಕ್ಕನೆ ಹಿಂದಕ್ಕೆ ತಿರುಗಿದ. ದಾರಿ ಗೊತ್ತಿಲ್ಲದವನು ಅಷ್ಟು ಬೇಗ ಹೇಗೆ ಹೊರಗೆ ಹೋದನೋ. ತೊಮಾಸಾ ಕೊಟ್ಟಿಗೆಗೆ ಮರಳುವ ಮೊದಲೇ ಸುದ್ದಿ ಧಣಿಯನ್ನು ಮುಟ್ಟಿತ್ತು.

ಧಣಿ ಲೈಲ್ ಹ್ಯಾಲ್ವರ್‌ಸನ್ ಕೂಗುವ ಮನುಷ್ಯನಲ್ಲ. ಅವನು ತೊಮಾಸಾಳ ಕಡೆ ನೋಡಲೂ ಇಲ್ಲ. ಎಲ್ಲ ಹೆಂಗಸರ ಮುಂದೆ ರಾಮಿರೋನ ಜೊತೆ, ಹವಾಮಾನದ ಬಗ್ಗೆ ಮಾತಾಡುವಂತೆ ಮಾತಾಡಿದ.

“ಇದು ತಿನ್ನೋ ಪದಾರ್ಥ ಬೆಳೆಯೋ ನೆಲ ಅಂತ ಅವಳಿಗೆ ಹೇಳು. ಹೊಲದಲ್ಲಿ ಹೀಗೆಲ್ಲ ಮಾಡಿದರೆ ತಪಾಸಣೆಯವರು ಬಂದು ಬೀಗ ಹಾಕ್ತಾರೆ. ಪ್ರಾಣಿಗಳಿಗೂ ಇಲ್ಲಿ ಒಂದು ಜಾಗ ಅಂತ ಇದೆ. ಇನ್ನೊಂದು ಸಲ ಆದರೆ ನಾಳೆಯಿಂದ ಬರೋದು ಬೇಡ.”

ರಾಮಿರೋ ಅದನ್ನು ಸ್ಪ್ಯಾನಿಷಿಗೆ ಇಳಿಸಿದ. ಇಳಿಸುವಾಗ ಒಂದೆರಡು ಬೈಗಳನ್ನು ತನ್ನ ಕಡೆಯಿಂದ ಸೇರಿಸಿದ.

“ಒಂದ್ ಮಾತು ಕೇಳು ಅವರನ್ನ,” ಎಂದಳು ತೊಮಾಸಾ. “ಪ್ರಾಣಿಗಳ ಆ ಜಾಗ ಎಲ್ಲದೆ ಅಂತ. ಅಲ್ಲಿಗೇ ಹೋಗ್ತೀನಿ.”

ರಾಮಿರೋ ಅದನ್ನು ಇಂಗ್ಲಿಷಿಗೆ ಏರಿಸಲಿಲ್ಲ.

ಇಳಿಹೊತ್ತಿಗೆ ಧಣಿಯ ಭಾಷಣ. ಹುಲ್ಲಿನ ಪೆಂಡಿಗಳನ್ನು ಒಟ್ಟಿ ವೇದಿಕೆ ಮಾಡಿದ್ದರು. ಅದರ ಬಲಕ್ಕೆ ಕಕ್ಕಸುಗಳ ಸಾಲು. ಕೆಲಸದವರ ನೀಲಿ ಡಬ್ಬವೂ ತೊಳೆಸಿಕೊಂಡು, ಬಾಗಿಲಿಗೆ ಜೋಳದ ತೆನೆಯ ಹಾರ ಹಾಕಿಸಿಕೊಂಡು, ಮದುವಣಗಿತ್ತಿಯಂತೆ ಅಲ್ಲಿ ನಿಂತಿತ್ತು. ಪ್ರತಿ ಬಾಗಿಲ ಮೇಲೂ ‘ಅತಿಥಿಗಳಿಗೆ ಮಾತ್ರ’ ಎಂಬ ಹಲಗೆ.

“ನಮ್ಮಜ್ಜ ಈ ಕಣಿವೆಗೆ ಬಂದಾಗ ಅವನ ಹತ್ತಿರ ಇದ್ದದ್ದು ಒಂದು ನೇಗಿಲು, ಒಂದು ಹಸು,” ಎನ್ನುತ್ತಿದ್ದ ಧಣಿ ಧ್ವನಿವರ್ಧಕದಲ್ಲಿ. “ಯಾರ ಮುಂದೆಯೂ ಕೈ ಒಡ್ಡಲಿಲ್ಲ. ಈ ದೇಶ ಕಲಿತದ್ದೆಲ್ಲ ಹೊಲದಿಂದ. ಹೊತ್ತು ಹುಟ್ಟೋ ಮುಂಚೆ ಏಳೋದು, ನಮ್ಮ ಕೆಲಸ ನಾವೇ ಮಾಡ್ಕೊಳ್ಳೋದು, ನೆರೆಯವನಿಗೆ ಕಷ್ಟ ಅಂದ್ರೆ ಬಾಗಿಲು ತೆಗೆಯೋದು. ನಿಮ್ಮ ಮಕ್ಕಳಿಗೆ ಇವತ್ತು ಒಂದು ಕುಂಬಳಕಾಯಿ ಅಷ್ಟೇ ಅಲ್ಲ, ಆ ಗುಣಗಳನ್ನೂ ಮನೆಗೆ ತಗೊಂಡು ಹೋಗಿ.”

ಜನ ಕೈ ತಟ್ಟಿದರು. ಕೊಟ್ಟಿಗೆಯ ಹಿಂದೆ ತೊಮಾಸಾಳಿಗೆ ಚಳಿ ಹತ್ತಿತು. ಬೆನ್ನಿನ ಕೆಳಗೆ, ಬಲಗಡೆ, ಸೂಜಿಯಿಂದ ದಾರ ಎಳೆದಂತೆ ನೋವು ಎಳೆಯುತ್ತಿತ್ತು. ಬೇಸಿಗೆಯಲ್ಲಿ ಶುರುವಾದದ್ದು ಹೀಗೆಯೇ. ಅವಳು ಆ ನೋವಿನ ಮೇಲೆ ಅಂಗೈ ಇಟ್ಟಳು. ಈ ಮೈಯನ್ನು ಅವಳು ಎಷ್ಟು ಜನಕ್ಕೆ ಹೆದರಿ ಬಚ್ಚಿಟ್ಟಿದ್ದಳು. ಅಪ್ಪನಿಗೆ, ಗಂಡನ ಅಣ್ಣತಮ್ಮಂದಿರಿಗೆ, ಗಡಿ ದಾಟಿಸಿದವರಿಗೆ, ಹೊಲದ ಸಾಲಿನ ಕೊನೆಯಲ್ಲಿ ಕಾದು ನಿಲ್ಲುವ ಮೇಸ್ತ್ರಿಗಳಿಗೆ. ಬಚ್ಚಿಟ್ಟದ್ದು ಕೊನೆಗೂ ಯಾರ ಪಾಲಾಯಿತು ಎಂದು ಯೋಚಿಸಿದಳು. ಎದ್ದಳು.

ಕಕ್ಕಸಿನ ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಅವಳ ಬಿಳಿಚಿದ ಮುಖ ನೋಡಿ, “ನೀವು ಮೊದಲು ಹೋಗಿ” ಎಂದು ಜರುಗಿದಳು. ರಾಮಿರೋ ಎಲ್ಲಿಂದಲೋ ಓಡಿ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

“ಹಲಗೆ ಓದಕ್ಕೆ ಬರಲ್ವೇನೇ?”

“ಬರಲ್ಲ,” ಎಂದಳು. ನಿಜವಾಗಿಯೂ ಬರುತ್ತಿರಲಿಲ್ಲ. “ಜರುಗು.”

“ಕೆಲ್ಸ ಹೋಗ್ತದೆ, ನಿಂದೂ ನಂದೂ. ಧಣಿ ನೋಡ್ತಾವ್ರೆ. ಹಿಂದಕ್ಕೋಗು.”

ಧಣಿ ನೋಡಿದ. ಮೈಕನ್ನು ಬಾಯಿಯಿಂದ ಇಳಿಸದೆಯೇ ಮುಗುಳ್ನಕ್ಕ. “ನಮ್ಮ ಸಹಾಯಕಿಯರಿಗೂ ಸುಗ್ಗಿಯ ಉತ್ಸಾಹ, ಏನು ಮಾಡೋಣ.” ಜನ ನಕ್ಕರು. ಕೆಟ್ಟ ನಗುವಲ್ಲ. ಏನೆಂದು ತಿಳಿಯದೆ ನಕ್ಕ ನಗು.

ತೊಮಾಸಾ ಬಾಗಿಲನ್ನು ಬಿಟ್ಟು ತಿರುಗಿದಳು. ವೇದಿಕೆಯ ಮುಂದೆ, ಜನರಿಗೂ ಧಣಿಗೂ ನಡುವೆ, ಕುಂಬಳಕಾಯಿಗಳಿದ್ದ ಜಾಗಕ್ಕೆ ನಡೆದಳು. ಅಲ್ಲಿ ನಿಂತು ಮಳೆಬಟ್ಟೆಯ ಪಟ್ಟಿ ಬಿಚ್ಚಿದಳು. ಅದರ ಒಳಗೆ ಜೀನ್ಸು. ಅದರ ಒಳಗೆ ಚಳಿಗೆ ತೊಟ್ಟ ಉಣ್ಣೆಯ ಚಡ್ಡಿ. ಅವಸರವೇನೂ ಇಲ್ಲದವಳಂತೆ ಒಂದೊಂದನ್ನೇ ಸಡಿಲಿಸಿದಳು.

ಧಣಿಯ ಮಾತು ‘ಪ್ರಾಮಾಣಿಕ ಬೆವರು’ ಎಂಬಲ್ಲಿಗೆ ಬಂದು ನಿಂತಿತು, ಮೈಕು ಹಿಡಿದ ಕೈ ಕೆಳಗಿಳಿಯಿತು.

ಕೊಟ್ಟಿಗೆಯ ಹಿಂದಿನಿಂದ ಎವೋಡಿಯಾ ಓಡಿ ಬಂದಳು, ಅವಳ ಹಿಂದೆ ಉಳಿದವರು. ಹೊಲದಲ್ಲಿ ಒಬ್ಬಳು ಕೂತರೆ ಉಳಿದವರು ಬೆನ್ನು ತಿರುಗಿಸಿ ಸುತ್ತ ನಿಂತು, ಸ್ವೆಟರುಗಳನ್ನು ಅಗಲಿಸಿ ಹಿಡಿದು ಮರೆಮಾಡುವುದು ಅವರ ಪದ್ಧತಿ. ಯಾರೂ ಹೇಳಬೇಕಿಲ್ಲ. ಈಗಲೂ ಹಾಗೆಯೇ ಸುತ್ತುವರಿದರು, ಸ್ವೆಟರು ಕಳಚಿ ಹರವಿದರು.

“ಬ್ಯಾಡ ಎವೋಡಿಯಾ,” ಎಂದಳು ತೊಮಾಸಾ. “ಮರೆ ತೆಗೀರಿ.”

“ಅಕ್ಕ, ಅಷ್ಟೊಂದು ಜನ ಅವ್ರೆ ಕಣಕ್ಕ.”

“ಹೊಲ ನೋಡಕ್ಕೆ ಬಂದವ್ರೆ. ನೋಡ್ಲಿ.”

ಅವಳು ಕೂತಳು. ಮೈಕಿಗೆ ಅಷ್ಟು ಹತ್ತಿರ ಕೂತಿದ್ದರಿಂದ ಆ ಸದ್ದು ಕಾರು ನಿಲ್ಲಿಸಿದಲ್ಲಿಯವರೆಗೂ ಕೇಳಿಸಿತು. ಬಹಳ ಹೊತ್ತು ಕೇಳಿಸಿತು. ತಂದೆತಾಯಿಯರು ಮಕ್ಕಳ ಕಣ್ಣು ಮುಚ್ಚಿದರು, ತಮ್ಮ ಕಣ್ಣು ಮುಚ್ಚುವುದನ್ನು ಮರೆತರು. ಜೊಆನ್ ಕಡೆಗೋಲು ಹಿಡಿದುಕೊಂಡೇ ಎದ್ದು ನಿಂತಿದ್ದಳು. “ಮೈಕ್ ಆರಿಸು, ಯಾರಾದ್ರೂ ಮೈಕ್ ಆರಿಸ್ರೋ” ಎಂದು ಧಣಿ ಕೂಗಿದ್ದು ಕೂಡ ಮೈಕಿನಲ್ಲಿಯೇ ಕೇಳಿಸಿತು.

ಎವೋಡಿಯಾ ಹಿಡಿದಿದ್ದ ಸ್ವೆಟರನ್ನು ಒಂದು ಕುಂಬಳಕಾಯಿಯ ಮೇಲೆ ಎಸೆದು ತನ್ನ ಮಳೆಬಟ್ಟೆಯ ಪಟ್ಟಿಗೆ ಕೈ ಹಾಕಿದಳು.

“ಸ್ವಲ್ಪ ಆ ಕಡೆ ಸರಿ ಅಕ್ಕ. ನಂಗೂ ಬೆಳಿಗ್ಗೆಯಿಂದ ಬಂದದೆ.”