ಕಾವಲಿನಲ್ಲಿ ಇಳಿಯುವ ಹಾಗಿಲ್ಲ

ಮದುವೆಯಾಗಿ ಬಂದ ಮೇಲೆ ದ್ರಾಕ್ಷಾಯಣಿ ಅರಸೀಕೆರೆಯ ಮನೆಯಿಂದ ಹೊರಗೆ ಹೊರಟದ್ದು ಅದೇ ಮೊದಲು. ಮಾವ ಕಲ್ಲೇಶಪ್ಪನವರದು ಕೊಬ್ಬರಿ ವ್ಯಾಪಾರ. ೧೯೬೧ರ ಆ ಬೇಸಿಗೆಯಲ್ಲಿ ಅವರು ಒಂದು ಹಳೆಯ ಷೆವರ್ಲೆ ಕಾರು ಕೊಂಡಿದ್ದರು. ಕಾರು ಬಂದ ಮೇಲೆ ಅವರಿಗೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಬಾಣಾವರದ ಆಚೆ ಸರ್ಕಾರ ಕಾದಿಟ್ಟ, ಕಾವಲು ಎಂದು ಕರೆಯುವ ದೊಡ್ಡ ಹುಲ್ಲುಗಾವಲಿನಲ್ಲಿ ಚಿಗರೆ ಜಿಂಕೆಗಳಿವೆಯೆಂದು ಯಾರೋ ಹೇಳಿದ್ದರು. ಬೆಳಿಗ್ಗೆ ಅವನ್ನು ನೋಡಿಕೊಂಡು, ಜಾವಗಲ್ ಮೇಲೆ ಹಳೇಬೀಡಿಗೆ ಹೋಗಿ, ಸಂಜೆಗೆ ಬೇಲೂರಿನ ಛತ್ರ ಸೇರುವುದೆಂದು ತೀರ್ಮಾನವಾಯಿತು.

ಕಾರು ನಡೆಸುತ್ತಿದ್ದವನು ಅವಳ ಗಂಡ ಇಂದುಧರ. ಪಕ್ಕದಲ್ಲಿ ಮಾವ. ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಅತ್ತೆ ಮಹದೇವಮ್ಮ, ಇನ್ನೊಂದು ಬದಿಗೆ ಬುತ್ತಿಯ ಬುಟ್ಟಿ ಮತ್ತು ಎಳನೀರಿನ ಗೊನೆ, ನಡುವೆ ದ್ರಾಕ್ಷಾಯಣಿ. ಧೂಳು ಬರುತ್ತದೆಂದು ಗಾಜುಗಳನ್ನು ಏರಿಸಿದ್ದರು.

ಊರು ದಾಟುತ್ತಲೇ ಕಲ್ಲೇಶಪ್ಪನವರು ಕಾರು ನಿಲ್ಲಿಸಿ, ಮಗನ ಕೈಲಿ ಎಳನೀರು ಕೆತ್ತಿಸಿದರು. "ಕುಡಿಯವ್ವ, ನಮ್ಮ ತೋಟದ್ದು. ಬೇಡ ಅನ್ಬಾರ್ದು."

ಅವಳು ಕುಡಿದಳು. ಬಾಣಾವರದಲ್ಲಿ ಮಾವನ ಪರಿಚಯದ ವ್ಯಾಪಾರಿಯೊಬ್ಬ ಕಾರಿನ ಹತ್ತಿರಕ್ಕೇ ಮಜ್ಜಿಗೆ ತರಿಸಿಕೊಟ್ಟ. ಅದನ್ನೂ ಕುಡಿಯಬೇಕಾಯಿತು. ಅವನ ಮನೆಯೊಳಗೆ ಕರೆದರೆ ಬಚ್ಚಲಿಗೆ ಹೋಗಬಹುದೆಂದು ಅವಳು ಆಸೆಯಿಂದ ಕಾದಳು. ಯಾರೂ ಕರೆಯಲಿಲ್ಲ. ಕಾರು ಹೊರಡುವಾಗ ಮಾವ ಮತ್ತೊಂದು ಎಳನೀರು ಹಿಂದಕ್ಕೆ ಚಾಚಿದರು. "ನೀನೂ ತಗೋ," ಎಂದು ಹೆಂಡತಿಗೂ ಒಂದು ಕೊಟ್ಟರು.

ಕಾವಲಿನ ಬಾಗಿಲಲ್ಲಿ ಕಾವಲುಗಾರ ಬೋರಯ್ಯ ಮುಂದಿನ ಸೀಟಿಗೆ ಹತ್ತಿಕೊಂಡ. "ಒಳಿಕ್ ಹೋದ್ಮ್ಯಾಲೆ ಯಾರೂ ಇಳಿಯಂಗಿಲ್ಲ ಸ್ವಾಮಿ," ಎಂದ. "ಕಾರಾದ್ರೆ ಅವು ಎದ್ರಾಕಿಲ್ಲ. ಮನುಸ್ರು ಕಾಲ್ಮ್ಯಾಲೆ ನಿಂತಿದ್ದು ಕಂಡ್ರೆ ಓಡೋಯ್ತವೆ."

"ಯಾರು ಇಳೀತಾರಯ್ಯ! ಎಲ್ಲಾ ಕೂತೇ ನೋಡದು," ಎಂದರು ಕಲ್ಲೇಶಪ್ಪ.

ಒಳಗೆ ಹೋಗುತ್ತಿದ್ದಂತೆ ಭೂಮಿ ಬೋಳಾಯಿತು. ಎಲ್ಲಿ ನೋಡಿದರೂ ಒಣಗಿ ಬಿಳಿಚಿದ ಹುಲ್ಲು, ಕೆಂಪು ನೆಲ, ಮೊಣಕಾಲೆತ್ತರದ ಬಂದರಿಕೆ ಗಿಡ. ಒಂದು ಮರವಿಲ್ಲ, ಒಂದು ಗೋಡೆಯಿಲ್ಲ. "ಥೇಟ್ ಮರುಭೂಮಿ ಕಣಪ್ಪ ಇದು," ಎಂದು ಇಂದುಧರ ಖುಷಿಯಿಂದ ಹೇಳಿದ. ದ್ರಾಕ್ಷಾಯಣಿ ಕಾಫಿತೋಟಗಳ ನಡುವಿನ ಅರೇಹಳ್ಳಿಯ ಕಡೆಯವಳು. ಅಲ್ಲಿ ನಾಲ್ಕು ಹೆಜ್ಜೆ ನಡೆದರೆ ಒಂದು ಮರೆ ಸಿಗುತ್ತಿತ್ತು. ಇಷ್ಟು ದೊಡ್ಡ ಬಯಲಿನಲ್ಲಿ ಒಬ್ಬ ಹೆಂಗಸು ಕೂರುವಷ್ಟು ಮರೆಯೂ ಇಲ್ಲವಲ್ಲ ಎಂದು ಅವಳು ಒಂದು ಗಾಜಿನಿಂದ ಇನ್ನೊಂದು ಗಾಜಿಗೆ ಕಣ್ಣು ಹಾಯಿಸಿದಳು.

ಚಕ್ರ ಕಲ್ಲು ಹತ್ತಿ ಇಳಿದಾಗಲೆಲ್ಲ ಅವಳು ಹಲ್ಲು ಕಚ್ಚುತ್ತಿದ್ದಳು. ಗಂಡ ಕನ್ನಡಿಯಲ್ಲಾದರೂ ತನ್ನನ್ನು ನೋಡಲಿ ಎಂದು ಅವನ ಕತ್ತನ್ನೇ ದಿಟ್ಟಿಸಿದಳು. ಅವನು ಒಮ್ಮೆ ನೋಡಿದ. ಅವಳು ಕಣ್ಣಗಲಿಸಿ ತಲೆಯಲ್ಲಾಡಿಸಿದಳು. ಅವನು ನಕ್ಕು ಮತ್ತೆ ದಾರಿ ನೋಡತೊಡಗಿದ. ಆ ಮನೆಗೆ ಬಂದಾಗಿನಿಂದ ಅವಳು ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ. ಹಸಿವಾದರೂ ಗಂಡಸರ ಊಟ ಮುಗಿಯಲಿ ಎಂದು ಕಾದವಳು. ಈಗ ಮಾವನ ಮುಂದೆ, ಹೊರಗಿನವನೊಬ್ಬನ ಮುಂದೆ, ಇದನ್ನು ಯಾವ ಮಾತಿನಲ್ಲಿ ಕೇಳುವುದು?

ಒಂದು ದಿಬ್ಬದ ಕೆಳಗೆ ಬೋರಯ್ಯ ಕೈಯೆತ್ತಿದ. "ಇಲ್ಲೇ ನಿಲ್ಸಿ. ಆ ಕಡೆ ಅವೆ. ಸದ್ದು ಮಾಡ್ದಂಗೆ ಕಾಯ್ರಿ, ಬತ್ತವೆ."

ಇಂದುಧರ ಎಂಜಿನ್ ಆರಿಸಿದ. ಕಾರು ಒಲೆಯಂತೆ ಕಾಯತೊಡಗಿತು. ಗಂಡಸರು ಮೂವರೂ ದಿಬ್ಬದ ಕಡೆ ಕಣ್ಣು ನೆಟ್ಟು ಕುಳಿತರು. ದ್ರಾಕ್ಷಾಯಣಿಗೆ ಕಿಬ್ಬೊಟ್ಟೆ ಕಲ್ಲಾಗಿ, ಹಣೆಯಿಂದ ಬೆವರು ಇಳಿಯಿತು. ಸೀಟು ಒದ್ದೆಯಾದರೆ ಏನು ಗತಿ ಎನ್ನುವುದೊಂದೇ ಯೋಚನೆ. ಬೇಲೂರಿನ ಛತ್ರದಲ್ಲಿ, ಅರಸೀಕೆರೆಯ ಬೀದಿಯಲ್ಲಿ, ಸಾಯುವ ತನಕ ಆ ಮಾತು ಉಳಿಯುತ್ತದೆ.

"ಅತ್ತೆ," ಎಂದು ಪಿಸುಗುಟ್ಟಿದಳು. "ನಾನು ಇಳೀಬೇಕು."

ಮಹದೇವಮ್ಮ ತಿರುಗಲಿಲ್ಲ. "ತಡ್ಕೊ."

"ಆಗಲ್ಲ ಅತ್ತೆ. ಸತ್ಯವಾಗ್ಲೂ ಆಗಲ್ಲ."

ಅತ್ತೆ ಮೆಲ್ಲನೆ ಮುಖ ತಿರುಗಿಸಿದರು. ಅವರ ತುಟಿ ಬಿಳಿಚಿತ್ತು, ಮೇಲ್ದುಟಿಯ ಮೇಲೆ ಬೆವರಿನ ಹನಿಗಳಿದ್ದವು. ಸೊಸೆಯ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ನಂಗೂ ಆಗ್ತಿಲ್ಲ ಕಣೇ. ಬಾಣಾವರದಿಂದ."

ಒಂದು ಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ದ್ರಾಕ್ಷಾಯಣಿ ಅತ್ತೆಯ ಮಡಿಲ ಮೇಲಿಂದ ಕೈ ಚಾಚಿ ಬಾಗಿಲು ತೆರೆದಳು.

"ಏ! ಏ! ಏನಿದು?" ಎಂದು ಕಲ್ಲೇಶಪ್ಪ ಗದರಿದರು.

"ನೀವು ಮೂರು ಜನಾನೂ ಆ ಕಡೇನೇ ನೋಡ್ತಿರಿ," ಎಂದರು ಮಹದೇವಮ್ಮ. "ಕರೆಯೋ ತನಕ ಹಿಂದಕ್ಕೆ ತಿರುಗ್ಬ್ಯಾಡಿ."

ಬುತ್ತಿಯ ಕೆಳಗಿದ್ದ ಜಮಖಾನವನ್ನು ಎಳೆದುಕೊಂಡು ಇಬ್ಬರೂ ಕಾರಿನ ಹಿಂದಕ್ಕೆ ಓಡಿದರು. ಅತ್ತೆ ಜಮಖಾನ ಹಿಡಿದು ನಿಂತರು. "ಮೊದ್ಲು ನೀನು ಕೂತ್ಕೊ." ಆಮೇಲೆ ಸೊಸೆ ಹಿಡಿದಳು. ದಿಬ್ಬದಾಚೆ ಗೊರಸಿನ ಸದ್ದು ದಬದಬನೆ ಎದ್ದು ದೂರವಾಯಿತು. ಕಾರಿನೊಳಗಿಂದ ಮಾವ "ಅಯ್ಯೋ, ಹೋದ್ವಲ್ಲೋ!" ಎಂದದ್ದು ಕೇಳಿಸಿತು.

ಜಮಖಾನ ಮಡಿಸುತ್ತ ಮಹದೇವಮ್ಮ ತಗ್ಗಿದ ದನಿಯಲ್ಲಿ ಹೇಳಿದರು: "ಇವ್ರ ಜತೆ ಎಲ್ಲಿಗಾದ್ರೂ ಹೊರಟ್ರೆ ನಾನು ಹಿಂದಿನ ದಿನದಿಂದಾನೇ ನೀರು ಕುಡಿಯೋದೇ ಬಿಡ್ತಿದ್ದೆ. ಮದ್ವೆಯಾದಾಗಿಂದ ಹಂಗೇ. ಇವತ್ತು ನಿನ್ನ ಮುಂದೆ ಕೊಟ್ರಲ್ಲ, ಬೇಡ ಅನ್ನಕ್ಕಾಗ್ಲಿಲ್ಲ."

"ಒಂದ್ಸಲಾನೂ ನಿಲ್ಸಿ ಅಂತ ಹೇಳ್ಲಿಲ್ವಾ ಅತ್ತೆ?"

"ಹೆಂಗೆ ಹೇಳ್ತೀಯ?" ಎಂದರು ಅವರು.

ಕಾರು ತಿರುಗಿತು. ಬೋರಯ್ಯ ಬಾಗಿಲಲ್ಲಿ ಇಳಿದುಕೊಂಡ. ಕಲ್ಲೇಶಪ್ಪ ಮುಖ ಬಿಗಿದು ಕುಳಿತಿದ್ದರು. ಕಾರಿನಲ್ಲಿ ಮತ್ತೆ ಅದೇ ಬಿಸಿ. ಇಂದುಧರ ಕನ್ನಡಿಯಲ್ಲಿ ಹೆಂಡತಿಯನ್ನು ಮತ್ತೆಮತ್ತೆ ನೋಡಿದ. ಈಗ ಅವಳು ಅವನ ಕಡೆ ನೋಡಲಿಲ್ಲ. ಮಾವ ಮನೆಗೆ ತಿರುಗಿಸು ಎಂದುಬಿಟ್ಟರೆ, ಇನ್ನೊಂದು ಸಲ ತನ್ನನ್ನು ಹೊರಗೆ ಕರೆತರುವುದೇ ಇಲ್ಲ ಎಂದು ಅವಳಿಗೆ ದಿಗಿಲಾಗಿತ್ತು.

ಜಾವಗಲ್ ಸಮೀಪಿಸಿದಾಗ ಮಹದೇವಮ್ಮ ತಮ್ಮ ಪಕ್ಕದ ಗಾಜು ಇಳಿಸಿದರು. "ಧೂಳು," ಎಂದರು ಕಲ್ಲೇಶಪ್ಪ.

"ಬರ್ಲಿ," ಎಂದರು ಅವರು.

ಹಳೇಬೀಡಿನ ದೇವಸ್ಥಾನದ ಮುಂದೆ ಕಾರು ನಿಂತಿತು. ಕಲ್ಲೇಶಪ್ಪ ಇಳಿದು, ಹಿಂದಿನ ಬಾಗಿಲನ್ನು ತಾವೇ ತೆರೆದರು. ಗೋಡೆಯುದ್ದಕ್ಕೂ ಸಾಲುಗಟ್ಟಿದ ಆನೆ, ಸಿಂಹಗಳ ಕಡೆ ಕೈ ತೋರಿಸಿದರು.

"ಇಳೀರಮ್ಮ. ಇಲ್ಲಿ ಯಾವ್ದೂ ಓಡೋಗಲ್ಲ, ಎಲ್ಲಾ ಕಲ್ಲಿಂದು."

ದ್ರಾಕ್ಷಾಯಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಹದೇವಮ್ಮ ನಗಲಿಲ್ಲ. ಕೆಳಗಿಳಿದು, ಸೊಸೆಯ ಕೈ ಹಿಡಿದು, ಗಂಡನಿಗೆ ಹೇಳಿದರು: "ನೀವು ಮುಂದೆ ನಡೀರಿ. ನಾವು ನಿಧಾನವಾಗಿ ನೋಡ್ಕೊಂಡು ಬರ್ತೀವಿ."